ಎರಡು ಬೆಕ್ಕಿಗೆ ಒಂಬತ್ತೂವರೆ ಅಡಿ

ಫೆಬ್ರವರಿ 4

ಇಪ್ಪತ್ತೆರಡು ವರ್ಷಗಳಿಂದ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೊಳೆ ಬಟ್ಟೆ ವಿಂಗಡಿಸುವ ವಿಭಾಗ ನೋಡಿಕೊಳ್ಳುತ್ತಿದ್ದೇನೆ. ರಕ್ತದ್ದಕ್ಕೆ ಒಂದು ಚೀಲ, ವಾಂತಿಯದ್ದಕ್ಕೆ ಒಂದು ಚೀಲ, ಹೆಸರು ಹೇಳಲಾಗದ್ದಕ್ಕೆ ಕೆಂಪು ಚೀಲ. ಅಲ್ಲಿ ಮೊಣಕೈವರೆಗೆ ಗ್ಲೌಸ್ ಇರುತ್ತದೆ, ಮೂಗಿಗೆ ಮಾಸ್ಕ್ ಇರುತ್ತದೆ, ಪಾಳಿ ಮುಗಿದರೆ ಕೈ ತೊಳೆದುಕೊಂಡು ಹೊರಡಬಹುದು. ಮನೆಗೆ ಬಂದರೆ ಶುಚಿ. ಮೂರನೆಯ ಮಹಡಿ, ಒಂದೇ ಕೋಣೆ, ಅದರ ಮೂಲೆಯಲ್ಲೇ ಅಡುಗೆ ಕಟ್ಟೆ, ಪಕ್ಕದಲ್ಲಿ ಬಚ್ಚಲು. ನೆಲಕ್ಕೆ ಬಿದ್ದ ತುತ್ತನ್ನು ಎತ್ತಿ ತಿನ್ನಬಹುದು, ಅಷ್ಟು ಶುಚಿ.

ಇವತ್ತು ಮಧ್ಯಾಹ್ನದವರೆಗೆ ಹಾಗಿತ್ತು.

ಅಣ್ಣನನ್ನು ಇಬ್ಬರು ಹೊತ್ತು ತಂದು ನನ್ನ ಕಿಟಕಿಯ ಕೆಳಗೆ ಮಲಗಿಸಿದರು. ಮೂರನೆಯವನು ಒಂದು ಜಾಲರಿ ಪೆಟ್ಟಿಗೆ ತಂದಿಟ್ಟ. ಒಳಗೆ ಎರಡು ಬೆಕ್ಕು. ಅಣ್ಣ ಬರುತ್ತಾನೆ ಎಂದು ಗೊತ್ತಿತ್ತು, ಬೆಕ್ಕಿನ ಮಾತನ್ನು ಯಾರೂ ಎತ್ತಿರಲಿಲ್ಲ.

"ಎಂಟು ವಾರ ಅಷ್ಟೇ ಪುಟ್ಟಿ," ಅಂದ. ನನಗೆ ನಲವತ್ತಾರು. ಇವನ ಬಾಯಲ್ಲಿ ಇನ್ನೂ ಪುಟ್ಟಿ.

ಅಣ್ಣ ಸಾರುವೆ ಕಟ್ಟುವವನು. ಎತ್ತರದ ಕಟ್ಟಡಕ್ಕೆ ಬಣ್ಣ ಬಳಿಯುವವರು, ಗಾರೆ ಮೆತ್ತುವವರು ನಿಲ್ಲಲು ಕೊಳವೆ, ಹಲಗೆ ಸೇರಿಸಿ ಹೊರಗೋಡೆಗೆ ಅಟ್ಟಣೆ ಕಟ್ಟುತ್ತಾನೆ. ಮೂವತ್ತು ಮಹಡಿಯ ಮೇಲೆ ಬೀಡಿ ಸೇದುತ್ತಾ ನಡೆದವನು, ಬಿದ್ದದ್ದು ಎರಡಾಳೆತ್ತರದಿಂದ. ಸೊಂಟಕ್ಕೆ ಪಟ್ಟಿ ಹಾಕಿದ್ದಾರೆ, ಬಲ ಹಿಮ್ಮಡಿ ಪುಡಿಯಾಗಿದೆ.

ಪೆಟ್ಟಿಗೆಯಿಂದ ಬರುತ್ತಿರುವ ನಾತ ಬರೆಯಲಾಗದು. ಹಾಸಿಗೆಯ ಹೊದಿಕೆಯ ಮೇಲೆ ಆಗಲೇ ಕೂದಲು.

ಫೆಬ್ರವರಿ 6

ದೊಡ್ಡದು ಗಂಡು, ಕಿವಿ ಹರಿದಿದೆ, ಯಾವಾಗಲೂ ತಪ್ಪು ಹುಡುಕುವ ಮುಖ. ಅದಕ್ಕೆ ಮೇಸ್ತ್ರಿ ಎಂದು ಹೆಸರಂತೆ. ಸಣ್ಣದು ಹೆಣ್ಣು. ಕಪ್ಪು, ಕಂದು, ಬಿಳಿ ಎಲ್ಲ ತೇಪೆ ಹಾಕಿದಂತಿದೆ, ಅದು ಚಿಂದಿ. ಅಣ್ಣನ ಶೆಡ್ಡಿನಲ್ಲಿದ್ದಾಗ ಇವು ಹಗಲೆಲ್ಲ ತಗಡಿನ ಮಾಡುಗಳ ಮೇಲೆ ತಿರುಗಿ ಊಟಕ್ಕೆ ಮಾತ್ರ ಇಳಿಯುತ್ತಿದ್ದವಂತೆ. ಇಲ್ಲಿ ಕೆಳಗೆ ಲಾರಿ ಓಡುವ ರಸ್ತೆ. ಬಾಗಿಲು ತೆಗೆಯುವಂತಿಲ್ಲ.

ಬಚ್ಚಲ ಬಾಗಿಲಲ್ಲಿ ಬೆಕ್ಕುಗಳ ಮರಳಿನ ತಟ್ಟೆ. ಹಾಸಿಗೆಯ ಪಕ್ಕದಲ್ಲಿ ಅಣ್ಣನ ಮೂತ್ರದ ಬಾಟಲಿ. ನಾನು ಎರಡರ ನಡುವೆ ಓಡಾಡುತ್ತಿದ್ದೇನೆ, ಬರಿಗೈಯಲ್ಲಿ. ಇವತ್ತು ಕೈಯನ್ನು ಹನ್ನೊಂದು ಸಲ ತೊಳೆದೆ.

ಫೆಬ್ರವರಿ 9

ಮೇಸ್ತ್ರಿ ನನ್ನ ದಿಂಬಿನ ಮೇಲೆ ಉಚ್ಚೆ ಹೊಯ್ದಿದೆ.

ದಿಂಬನ್ನು ಬಿಸಾಡಿದೆ. ಹತ್ತಿಯೊಳಗೆ ಇಳಿದ ಮೇಲೆ ಯಾವ ಸೋಪಿಗೂ ಹೋಗುವುದಿಲ್ಲ, ನನಗಿಂತ ಚೆನ್ನಾಗಿ ಇದನ್ನು ಬಲ್ಲವರಿಲ್ಲ. ಸಂಜೆ ಎರಡೂ ಒಂದರ ಮೇಲೊಂದು ಬಿದ್ದು ಕಿರುಚಿದವು. ಕೋಣೆ ತುಂಬ ಕೂದಲಿನ ಉಂಡೆ, ಚಿಂದಿಯ ಮೂಗಿನಲ್ಲಿ ರಕ್ತ. ಅದು ಫ್ರಿಜ್ಜಿನ ಹಿಂದೆ ಹೊಕ್ಕು ಹೊರಗೆ ಬರಲಿಲ್ಲ. ಅಲ್ಲೇ ಹೇತಿದೆ. ಚಮಚ ಕಟ್ಟಿದ ಕೋಲಿನಿಂದ ಎಳೆದು ತೆಗೆದೆ.

"ತಿಂಗಳು ಮುಗಿಯೋದ್ರೊಳಗೆ ಇವೆರಡೂ ಈ ಮನೆಯಿಂದ ಹೋಗ್ಬೇಕು," ಅಂದೆ.

"ಎಲ್ಲಿಗೆ?"

"ಎಲ್ಲಿಗಾದ್ರೂ. ನಿನ್ನ ಸೊಂಟ ನೋಡ್ಕೊಳ್ಳೋದು ನನ್ನ ಹಣೆಬರಹ, ಇವು ಅಲ್ಲ."

ಅಣ್ಣ ಗೋಡೆಯ ಕಡೆ ಮುಖ ತಿರುಗಿಸಿದ. ಬಂದಾಗಿನಿಂದ ಅದೇ. ಕಾಲು ಮಡಚುವ ವ್ಯಾಯಾಮ ದಿನಕ್ಕೆ ಮೂರು ಸಲ ಮಾಡಬೇಕು, ಒಂದು ಸಲವೂ ಮಾಡುವುದಿಲ್ಲ.

ಫೆಬ್ರವರಿ 12

ಮೇಸ್ತ್ರಿಗೆ ಮೂತ್ರದ ಕಾಯಿಲೆ ಇರಬಹುದು, ಕಾಯಿಲೆಯ ಬೆಕ್ಕನ್ನು ಯಾರೂ ಒಯ್ಯುವುದಿಲ್ಲ ಎಂದು ಅದನ್ನು ಪೆಟ್ಟಿಗೆಯಲ್ಲಿ ಹೊತ್ತು ಪಶುವೈದ್ಯರ ಹತ್ತಿರ ಹೋದೆ. ಬಸ್ಸಿನಲ್ಲಿ ಎಲ್ಲರೂ ನನ್ನನ್ನೇ ನೋಡಿ ಮೂಗು ಮುಚ್ಚಿಕೊಂಡರು. ಜನರ ಎದುರು ನಾರುವುದು ಹೇಗಿರುತ್ತದೆ ಎಂದು ಮೊದಲ ಬಾರಿಗೆ ಗೊತ್ತಾಯಿತು.

ವೈದ್ಯೆ ಚಿಕ್ಕ ವಯಸ್ಸಿನವಳು, ಕೋಟಿನ ಜೇಬಿನ ಮೇಲೆ ಕಾಫಿ ಕಲೆ. (ತಣ್ಣೀರಲ್ಲಿ ನೆನೆಸಿದ್ದರೆ ಹೋಗುತ್ತಿತ್ತು.) ಬೆಕ್ಕನ್ನು ಹಿಂದೆ ಮುಂದೆ ಒತ್ತಿ ನೋಡಿದಳು.

"ಕಾಯಿಲೆ ಏನೂ ಇಲ್ಲಮ್ಮ. ನಿಮ್ಮ ಮನೆ ನೆಲ ಎಷ್ಟಿದೆ?"

"ಹದಿನಾಲ್ಕು, ಹನ್ನೊಂದು."

"ಗೋಡೆ?"

"ಗೋಡೆ ಎಷ್ಟಿದ್ರೆ ಏನು?"

"ನಿಮಗೆ ನೆಲ ಸಾಕು, ಬೆಕ್ಕಿಗೆ ಗೋಡೇನೂ ಮನೇನೇ. ಎರಡಕ್ಕೂ ಒಂದೇ ನೆಲ ಅಂದ್ರೆ ಎದುರಾದಾಗ ದಾರಿ ಬಿಡೋಕೆ ಜಾಗ ಇಲ್ಲ. ಹೊಡೆದಾಡುತ್ವೆ, ಹೆದರ್ತವೆ, ಹೆದರಿದ್ದು ಹಾಸಿಗೆ ಮೇಲೆ ಹೊಯ್ಯುತ್ತೆ. ಮೇಲಕ್ಕೆ ಹಲಗೆ ಹೊಡೀರಿ. ಹತ್ತಲಿ, ಕೂತ್ಕೊಳ್ಳಲಿ, ಮೇಲಿಂದ ನೋಡಲಿ."

ಓದಿದವರ ತಿಕ್ಕಲು! ಬೆಕ್ಕಿಗೆ ಮಹಡಿ ಮನೆಯಂತೆ. ಮನೆಗೆ ಬಂದು ಅಣ್ಣನಿಗೆ ಆಡಿಕೊಂಡು ನಗಲೆಂದೇ ಹೇಳಿದೆ. ಅವನು ನಗಲಿಲ್ಲ. ಗೋಡೆಯಿಂದ ಮುಖ ತಿರುಗಿಸಿ ಸೂರನ್ನು ನೋಡುತ್ತಾ ಮಲಗಿದ.

ಫೆಬ್ರವರಿ 13

ಅಣ್ಣ ಅಳತೆ ಟೇಪು ಕೇಳಿದ. ಕೊಡಲಿಲ್ಲ.

ಫೆಬ್ರವರಿ 15

ಕೊಟ್ಟೆ. ಎರಡು ದಿನದಿಂದ ಅದೊಂದೇ ರಾಗ, ಕಿವಿ ಚಿಟ್ಟು ಹಿಡಿಯಿತು.

ಕೊಟ್ಟು ಏನು ಬಂತು? ಮಲಗಿದವನು ಅಳೆಯಲಾರ, ನಾನೇ ಸ್ಟೂಲ್ ಹತ್ತಬೇಕು. ಎತ್ತರವೆಂದರೆ ನನಗೆ ಆಗದು. ಬಲ್ಬು ಬದಲಾಯಿಸಲೂ ಕೆಳಗಿನ ಮನೆಯವರನ್ನು ಕರೆಯುವವಳು ನಾನು. ಫ್ರಿಜ್ಜನ್ನು ತಬ್ಬಿಕೊಂಡು ಹತ್ತಿದೆ. ನೆಲದಿಂದ ಸೂರಿಗೆ ಒಂಬತ್ತೂವರೆ ಅಡಿ. ಫ್ರಿಜ್ಜಿನ ನೆತ್ತಿಯ ಮೇಲೆ ಬೆರಳು ದಪ್ಪ ಜಿಡ್ಡು, ಅದರಲ್ಲಿ ಸತ್ತ ನೊಣಗಳು. ನನ್ನ ಮನೆಯಲ್ಲಿ! ಇಷ್ಟು ವರ್ಷ ಅದರ ಕೆಳಗೆ ನಿಂತು ಅಡುಗೆ ಮಾಡಿದ್ದೇನೆ.

ಅಣ್ಣ ಎಕ್ಸ್‌ರೇ ಲಕೋಟೆಯ ಬೆನ್ನ ಮೇಲೆ ಗೋಡೆಯ ಚಿತ್ರ ಬರೆದ. ಚಿಂದಿ ಹಾರುತ್ತದೆ, ಆದರೆ ಮೇಸ್ತ್ರಿಗೆ ಹಿಂಗಾಲಿನಲ್ಲಿ ಕಸುವಿಲ್ಲ, ಆದ್ದರಿಂದ ಹಲಗೆಯಿಂದ ಹಲಗೆಗೆ ಒಂದಡಿಗಿಂತ ಹೆಚ್ಚು ಏರಿರಬಾರದಂತೆ.

"ಹತ್ತೋಕೆ ಒಂದು ದಾರಿ, ಇಳಿಯೋಕೆ ಇನ್ನೊಂದು. ಒಂದೇ ದಾರಿ ಇದ್ರೆ ಮೇಲಿರೋನು ಸಿಕ್ಕಿಬೀಳ್ತಾನೆ. ನಮ್ಮ ಕೆಲಸದಲ್ಲೂ ಹಂಗೇನೆ."

"ನಾನು ಒಪ್ಪಿದೆ ಅಂತ ಯಾರು ಹೇಳಿದ್ರು?"

"ಯಾರೂ ಇಲ್ಲ. ಹದಿಮೂರು ಹಲಗೆ ಬೇಕು."

ಫೆಬ್ರವರಿ 18

ಲಾಂಡ್ರಿಯಲ್ಲಿ ಮುರಿದ ಬಟ್ಟೆ ಕಪಾಟುಗಳ ಹಲಗೆ ಗುಡ್ಡೆ ಬಿದ್ದಿತ್ತು. ಉಗ್ರಾಣದವರು "ತಗೊಂಡು ಹೋಗಿ, ಜಾಗ ಆಗುತ್ತೆ" ಅಂದರು. ಅಂಟು, ಫಿನಾಯಿಲ್ ನಾತ, ಯಾರೋ ಅಂಟಿಸಿದ ಚೂಯಿಂಗ್ ಗಮ್. ಬಚ್ಚಲಲ್ಲಿ ಕೂತು ಹದಿಮೂರನ್ನೂ ಮೂರು ಸಲ ಉಜ್ಜಿದೆ. ಉಗುರಿನ ಸಂದಿಗೆ ಹೋದ ಕಪ್ಪು ಇನ್ನೂ ಬಿಟ್ಟಿಲ್ಲ.

ಮೊದಲ ಹಲಗೆ ಹೊಡೆದೆ. ಡ್ರಿಲ್ಲು ಅಣ್ಣನದು, ಹಂದಿಯ ಮರಿಯ ಹಾಗೆ ಒದ್ದಾಡುತ್ತದೆ. ಗಾರೆ ಪುಡಿ ಬಾಯಿಗೆ, ಕಣ್ಣಿಗೆ, ಸಾರಿನ ಪಾತ್ರೆಗೆ. ತೂತಿಗೆ ಪ್ಲಾಸ್ಟಿಕ್ ಪ್ಲಗ್ಗು ತುರುಕಿ ಅದರೊಳಗೆ ಸ್ಕ್ರೂ ಬಿಗಿಯಬೇಕು.

"ಪ್ಲಗ್ಗು ಅರ್ಧ ಹೊರಗಿದೆ. ಬಿಚ್ಚು."

"ಬೆಕ್ಕು ಕೂರೋಕೆ ಸಾಕು."

"ಇಲಿ ಕೂರೋಕೂ ಸಾಲಲ್ಲ. ಬಿಚ್ಚು ಅಂದೆ."

ನಾಲ್ಕು ಸಲ ಬಿಚ್ಚಿಸಿದ. ನಾಲ್ಕನೆಯ ಸಲ ಸ್ಟೂಲಿನ ಮೇಲೆ ನಿಂತೇ ಬಾಯಿ ಹರಿಬಿಟ್ಟೆ.

"ಎಲ್ಲಾದಕ್ಕೂ ಮಲಗಿದ ಕಡೆಯಿಂದ ಅಪ್ಪಣೆ ಕೊಡು! ಅಮ್ಮ ಮಲಗಿದ್ದಾಗ ಎಲ್ಲಿದ್ದೆ? ಎರಡು ಸಲ ಬಂದೆ. ಎರಡು ಸಲಾನೂ ಬಾಗಿಲಲ್ಲಿ ನಿಂತು ಮೂಗಿಗೆ ಟವೆಲ್ ಹಿಡ್ಕೊಂಡು ನೋಡಿ ಹೋದೆ. ಆ ವಾಸನೇಲಿ ನಾನು ಎರಡು ವರ್ಷ ಊಟ ಮಾಡಿದೀನಿ!"

ನಾನು ಇಳಿದು ಪಾತ್ರೆ ತೊಳೆದೆ.

ಫೆಬ್ರವರಿ 19

ಬೆಳಿಗ್ಗೆ ಮೈ ಒರೆಸುವಾಗ ಅಣ್ಣ ತಾನಾಗಿಯೇ ಹೇಳಿದ. "ವಾಸನೆಗಲ್ಲ ಪುಟ್ಟಿ. ನೀನು ಒಂದು ಕೈಲಿ ಅಮ್ಮನ್ನ ಎತ್ತಿ ಮಗ್ಗುಲು ತಿರುಗಿಸ್ತಿದ್ದೆ. ನನ್ನ ಕೈಲಿ ಅದು ಆಗಲ್ಲ ಅಂತ ಗೊತ್ತಾಯ್ತು. ಆ ಮಂಚದ ಹತ್ರ ಬರೋಕೆ ಹೆದರಿಕೆ ಆಯ್ತು. ಅಳೋದು ಕಾಣಬಾರ್ದು ಅಂತ ಟವೆಲ್."

ಇಂಥ ಉತ್ತರ ಬರಲು ಹದಿನಾಲ್ಕು ವರ್ಷ ಬೇಕಾಯಿತು. ಥೂ. ಹೆದರಿದವನು ಬಾಗಿಲಲ್ಲಿ ನಿಲ್ಲಬಹುದು, ಹೆದರಿದವಳು ಒಳಗಿರಬೇಕು. ಇದನ್ನು ಅವನಿಗೆ ಹೇಳಿದೆನೋ ಇಲ್ಲಿ ಮಾತ್ರ ಬರೆಯುತ್ತಿದ್ದೇನೋ, ನೆನಪಿಲ್ಲ. ಹೇಳಿದೆ ಅನಿಸುತ್ತದೆ, ಏಕೆಂದರೆ ಅವನು "ಹೌದು" ಅಂದ.

ಕಾಲ ಬೆರಳ ಸಂದಿಯಲ್ಲಿ ಸಿಮೆಂಟಿನ ಹಳೆಯ ಚೂರುಗಳಿವೆ. ಸೀಗೆಪುಡಿ, ಬ್ರಷ್ ಹಾಕಿ ಉಜ್ಜಿದರೂ ಬರುವುದಿಲ್ಲ. ಎಣ್ಣೆ ಹಚ್ಚಿ ಬಿಟ್ಟಿದ್ದೇನೆ, ನಾಳೆ ನೋಡಬೇಕು.

ಆರು ಹಲಗೆ ಆಯಿತು.

ಫೆಬ್ರವರಿ 23

ಇಸ್ತ್ರಿ ವಿಭಾಗದಾಕೆಗೆ ಹೇಳಿಟ್ಟಿದ್ದೆ, ಬೆಕ್ಕು ಬೇಕೆನ್ನುವವರಿದ್ದರೆ ಕಳಿಸು ಎಂದು. ಇವತ್ತು ರಜೆ. ಅವಳ ಪರಿಚಯದ ಒಬ್ಬ ಗಂಡಸು ಬಂದ. ಸೆಂಟು ಎಷ್ಟು ಸುರಿದುಕೊಂಡಿದ್ದನೆಂದರೆ ಬೆಕ್ಕಿನ ನಾತವೇ ವಾಸಿ. ಚಪ್ಪಲಿ ಬಿಡದೆ ಒಳಗೆ ಬಂದ, ಚಿಂದಿಯ ಕುತ್ತಿಗೆ ಹಿಡಿದೆತ್ತಿ ಬಾಯಿಗೆ ಹೆಬ್ಬೆರಳು ತೂರಿಸಿ ಹಲ್ಲು ನೋಡಿದ. ಆ ಹೆಬ್ಬೆರಳ ಉಗುರು ಹಳದಿ, ಸಂದಿಯಲ್ಲಿ ಏನೋ ಹಿಟ್ಟು.

"ಇದು ಸಾಕು. ಅಂಗಡೀಲಿ ಇಲಿ ಜಾಸ್ತಿ. ಆ ಹಳೇದು ಬೇಡ, ಅದನ್ನ ಹೆದ್ದಾರಿ ಕಡೆ ಎಲ್ಲಾದ್ರೂ ಬಿಟ್ಟುಬಿಡಿ."

"ಇಲ್ಲಿ ಕೆಳಗಿಡಿ," ಅಂದೆ.

"ಏನು?"

"ಬೆಕ್ಕನ್ನ ಕೆಳಗಿಡಿ. ಕೊಡಲ್ಲ. ಎರಡೂ ಜೋಡಿ."

"ನೀವೇ ಹೇಳಿ ಕಳಿಸಿದ್ರಂತಲ್ಲ?"

"ಹೇಳಿದ್ದೆ. ಈಗ ಇಲ್ಲ ಅಂತಿದೀನಿ. ಚಪ್ಪಲಿ ಬಾಗಿಲ ಹೊರಗೆ ಬಿಡೋ ರೂಢಿ ಇಲ್ವಾ ನಿಮಗೆ?"

ಅವನು ಗೊಣಗಿಕೊಂಡು ಹೋದ. ಅವನ ಕಾಲಿನ ಗುರುತನ್ನು ಎರಡು ಸಲ ಒರೆಸಿದೆ. ಅಣ್ಣ ಏನೋ ಹೇಳಲು ಬಾಯಿ ತೆರೆದ. "ಒಂಬತ್ತು ಹಲಗೆ ಹೊಡೆದಾಗಿದೆ. ಅರ್ಧಕ್ಕೆ ಬಿಟ್ರೆ ಗೋಡೆ ಗತಿ ಏನು?" ಅಂದೆ. ಅದು ನಿಜವೇ. ಅರ್ಧ ಬಿಟ್ಟ ಕೆಲಸ ಕಂಡರೆ ನನಗಾಗುವುದಿಲ್ಲ.

ಮಾರ್ಚ್ 1

ಹದಿಮೂರೂ ಆಯಿತು. ಮೇಸ್ತ್ರಿಗಾಗಿ ಮೆಟ್ಟಿಲಿನಂತೆ ಜೋಡಿಸಿದ ಪೆಟ್ಟಿಗೆಗಳ ಮೇಲಿಂದ ಫ್ರಿಜ್ಜು, ಫ್ರಿಜ್ಜಿನಿಂದ ಹಲಗೆ ಶುರು, ಬಾಗಿಲ ಚೌಕಟ್ಟಿನ ಮೇಲಿಂದ ಹಾದು, ಸೂರಿಗೆ ಒಂದೂವರೆ ಅಡಿ ಕೆಳಗೆ ಅಗಲದ ಹಲಗೆ, ಅಲ್ಲಿಂದ ಕಿಟಕಿಯ ಕಡೆ ಇಳಿಯುವ ದಾರಿ. ಕಾಲು ಜಾರದಿರಲು ಹಳೆಯ ಕಂಬಳಿಯ ಪಟ್ಟಿ ಸುತ್ತಿ ಹೊಲಿದಿದ್ದೇನೆ. ಕೊನೆಯದನ್ನು ಹೊಡೆಯಲು ಏಣಿ ಬೇಕಾಯಿತು, ಕೆಳಗಿನ ಮನೆಯಿಂದ ತಂದೆ. ಆ ಏಣಿಯ ಮೇಲ್ಗಡೆ ಎಂಥ ಕೊಳೆ! ಮೇಲಿನ ಮೆಟ್ಟಿಲಲ್ಲಿ ನಿಂತೇ ಒರೆಸಿದೆ.

ಮಾರ್ಚ್ 4

ಮೂರು ದಿನವಾಯಿತು. ಒಂದೂ ಹತ್ತಿಲ್ಲ. ಸ್ಕ್ರೂ ತಂದ ರಟ್ಟಿನ ಡಬ್ಬಿಗಾಗಿ ಎರಡೂ ಕಚ್ಚಾಡುತ್ತವೆ.

ಇದಕ್ಕೆಂದು ನನ್ನ ಬೆನ್ನು ಮುರಿದದ್ದು. ಲಾಂಡ್ರಿಯಲ್ಲಿ ಎಲ್ಲರೂ ಕೇಳುತ್ತಾರೆ, "ಬೆಕ್ಕಿನ ಬಂಗಲೆ ಗೃಹಪ್ರವೇಶ ಯಾವಾಗ?"

ಮಾರ್ಚ್ 7

ಊಟಕ್ಕೆ ಕೂತಿದ್ದಾಗ ಚಿಂದಿ ಫ್ರಿಜ್ಜಿನ ಮೇಲೆ ಹಾರಿತು. ಅಲ್ಲಿಂದ ಮೊದಲ ಹಲಗೆ. ಮೂಸಿತು. ಎರಡನೆಯದು, ಮೂರನೆಯದು. ನಾನು ತುತ್ತನ್ನು ಬಾಯಿಯ ಹತ್ತಿರ ಹಿಡಿದೇ ಇದ್ದೆ. ಅಣ್ಣ ಪಿಸುಗುಟ್ಟಿದ, "ಮಾತಾಡ್ಬೇಡ, ಮಾತಾಡ್ಬೇಡ." ನಾನೆಲ್ಲಿ ಮಾತಾಡಿದೆ?

ಅದು ತುತ್ತತುದಿಯ ಹಲಗೆಯಲ್ಲಿ ಕೂತು, ಬಾಲವನ್ನು ಕಾಲಿಗೆ ಸುತ್ತಿಕೊಂಡು, ನಮ್ಮಿಬ್ಬರನ್ನೂ ನೋಡಿತು. ಅಣ್ಣ ಮೊಣಕೈ ಊರಿ ಅರ್ಧ ಎದ್ದು ಕೂತಿದ್ದ, ತಾನೇ ಕೂತಿದ್ದ. ಅದನ್ನು ನಾನು ಹೇಳಲಿಲ್ಲ, ಹೇಳಿದರೆ ಮಲಗಿಬಿಡುತ್ತಾನೆ.

ಮಾರ್ಚ್ 9

ಮೇಸ್ತ್ರಿಯೂ ಹತ್ತಿತು. ಒಂದೊಂದು ಹಲಗೆಗೂ ಕೂತು ದಮ್ಮು ತೆಗೆದುಕೊಂಡಿತು. ತುದಿಗೆ ಹೋಗಿ, ಅಲ್ಲಿಂದ ನೇರ ನನ್ನ ತಟ್ಟೆಗೆ ವಾಂತಿ ಮಾಡಿತು. ಎಂಟಡಿ ಮೇಲಿಂದ. ನನ್ನ ಕೂದಲಿಗೂ, ಗೋಡೆಗೂ, ಅಣ್ಣನ ಹೊದಿಕೆಗೂ. ನಾನು ಕಂಡ ವಾಂತಿಗಳಲ್ಲಿ ಇಷ್ಟು ದೂರ ಹೋದದ್ದು ಬೇರೊಂದಿಲ್ಲ.

ಅಣ್ಣ ಸೊಂಟ ಹಿಡಿದುಕೊಂಡು ನಕ್ಕ. "ನೋವಾಗುತ್ತೆ ಪುಟ್ಟಿ, ನನ್ನ ನಗಿಸ್ಬೇಡ," ಎನ್ನುತ್ತಾ ಮತ್ತೆ ನಕ್ಕ. ಅಸಹ್ಯ ಮನುಷ್ಯ.

ಮಾರ್ಚ್ 13

ಅಣ್ಣನನ್ನು ಕುರ್ಚಿಯಲ್ಲಿ ಹೊರಿಸಿಕೊಂಡು ಮೂಳೆ ವೈದ್ಯರ ಹತ್ತಿರ ಹೋಗಿ ಬಂದೆವು. ಸೊಂಟ ಕೂಡಿದೆ. ಹಿಮ್ಮಡಿ ಕೂಡುವುದಿಲ್ಲ. ಇನ್ನು ಸಾರುವೆ ಹತ್ತುವಂತಿಲ್ಲ, ಯಾವತ್ತೂ. ವೈದ್ಯರು ಇದನ್ನು ಫೋನ್ ನೋಡುತ್ತಾ ಹೇಳಿದರು. ಬೆರಳಲ್ಲಿ ಫೋನ್ ಒರೆಸುತ್ತಾ, "ಯಾವತ್ತೂ" ಅಂದರು.

ಅಣ್ಣ ಊಟ ಬಿಟ್ಟಿದ್ದಾನೆ.

ಮಾರ್ಚ್ 16

ಊಟವಿಲ್ಲ, ಮಾತಿಲ್ಲ, ವ್ಯಾಯಾಮವಿಲ್ಲ. ಮತ್ತೆ ಗೋಡೆಯ ಕಡೆ ಮುಖ. ನಾನು ಬೈದು ನೋಡಿದೆ. ತಟ್ಟೆ ಹಾಗೇ ಇತ್ತು, ಚಿಂದಿ ಬಂದು ಅದರಲ್ಲಿ ಬಾಯಿ ಹಾಕಿತು. ಹೊಡೆಯಲಿಲ್ಲ. ಯಾರಾದರೂ ತಿನ್ನಲಿ.

ಮಾರ್ಚ್ 18

ಬೆಕ್ಕು ಧುಮುಕುವ ಸದ್ದಿನ ಬಗ್ಗೆ ಯಾರೋ ದೂರು ಕೊಟ್ಟಿದ್ದರು. ಮನೆಯ ಯಜಮಾನರು ಬಂದರು. ಗೋಡೆ ನೋಡಿ ಅವರ ಮುಖ ಕೆಂಪಾಯಿತು.

"ಏನಮ್ಮ ಇದು? ಮೂವತ್ತು ತೂತು! ಇವತ್ತೋ ನಾಳೆಯೋ ಗೋಡೆ ಸಮೇತ ಕಿತ್ತು ಬರುತ್ತೆ. ತೆಗೆಸಿ, ಇಲ್ಲಾಂದ್ರೆ ಮನೆ ಖಾಲಿ ಮಾಡಿ."

ಇಪ್ಪತ್ತಾರು ತೂತು. ಬಾಯಿಗೆ ಬಂತು, ನುಂಗಿಕೊಂಡೆ. ಅಷ್ಟರಲ್ಲಿ ಹಾಸಿಗೆಯ ಕಡೆಯಿಂದ ದನಿ.

"ನೇತಾಡಿ ನೋಡಿ ಸಾರ್."

ಐದು ದಿನದ ಮೇಲೆ ಅಣ್ಣನ ಮೊದಲ ಮಾತು.

"ಏನಂದ್ರಿ?"

"ಕಿತ್ತು ಬರುತ್ತೆ ಅಂದ್ರಲ್ಲ. ಎರಡೂ ಕೈ ಹಾಕಿ ನೇತಾಡಿ. ಬಂದ್ರೆ ನಾಳೇನೇ ಖಾಲಿ ಮಾಡ್ತೀವಿ. ಬರಲ್ಲ. ಅದು ನನ್ನ ತಂಗಿ ಹೊಡೆದಿರೋದು."

ಯಜಮಾನರು ದಪ್ಪ ಮನುಷ್ಯ. ರೋಷಕ್ಕೆ ಬಿದ್ದು ಹಲಗೆ ಹಿಡಿದು ಕಾಲೆತ್ತಿದರು. ಹಲಗೆ ಕಿರ್ ಎನ್ನಲಿಲ್ಲ. ಅವರ ಅಂಗಿ ಮೇಲೆದ್ದು ಹೊಕ್ಕುಳು ಕಂಡಿತು, ನೋಡಬಾರದ್ದು. ಮೇಲಿಂದ ಮೇಸ್ತ್ರಿ ಬಗ್ಗಿ ಅವರ ಬೋಳು ತಲೆಯನ್ನು ಮೂಸಿತು.

ಮನೆ ಬಿಡುವಾಗ ಗೋಡೆ ಸರಿಮಾಡಿ ಕೊಡಬೇಕು, ಧುಮುಕುವ ಕಡೆ ಚಾಪೆ ಹಾಕಬೇಕು ಎಂದು ಹೇಳಿ ಹೋದರು. ಅವರ ಬೆವರಿನ ಕೈ ಗುರುತು ಹಲಗೆಯ ಮೇಲೆ ಉಳಿದಿದೆ. ಒರೆಸಿದೆ. ಅಣ್ಣ ಎರಡು ತಟ್ಟೆ ಊಟ ಮಾಡಿದ.

ಮಾರ್ಚ್ 22

ಊರುಗೋಲಿನಲ್ಲಿ ಬಾಗಿಲವರೆಗೆ. ಬೆವರಿ ನಾರುತ್ತಿದ್ದ.

ಮಾರ್ಚ್ 24

ಬಚ್ಚಲವರೆಗೆ. ಮೂತ್ರದ ಬಾಟಲಿಯನ್ನು ಕೆಂಪು ಚೀಲಕ್ಕೆ ಹಾಕಿ ಆಸ್ಪತ್ರೆಯ ಕಸಕ್ಕೆ ಒಯ್ದೆ. ಪೀಡೆ ತೊಲಗಿತು.

ಮಾರ್ಚ್ 27

ಅಣ್ಣನ ಕೆಲಸದ ಕಡೆಯಿಂದ ಒಬ್ಬರು ಬಂದಿದ್ದರು. ಸಾಮಾನು ಉಗ್ರಾಣದಲ್ಲಿ ಕೊಳವೆ, ಕೊಂಡಿ ಪರೀಕ್ಷೆ ಮಾಡುವ ಕೆಲಸವಿದೆಯಂತೆ, ಕೂತು ಮಾಡುವುದು. ಉಗ್ರಾಣದ ಹಿಂದೆ ನೆಲಮಟ್ಟದ ಒಂದು ಕೋಣೆಯನ್ನೂ ಕೊಡುತ್ತಾರಂತೆ. ಅಣ್ಣ ಒಪ್ಪಿದ್ದಾನೆ.

"ಎಂಟು ವಾರ ಅಂದಿದ್ದೆ. ಮುಗೀತಾ ಬಂತು. ನಿನ್ನ ಮನೆ ನಿನಗೆ," ಅಂದ.

ಸದ್ಯ.

ಮಾರ್ಚ್ 29

ರಜೆ ಹಾಕಿ ಆ ಕೋಣೆ ನೋಡಿ ಬಂದೆ. ನೋಡಲು ಯಾರೂ ಹೇಳಿರಲಿಲ್ಲ. ಅಣ್ಣನಿಗೆ ಮಾರುಕಟ್ಟೆಗೆ ಎಂದಿದ್ದೆ.

ಗೋಡೆಯ ಕೆಳಗೆ ಒಂದಡಿ ಪಾಚಿ. ಬಾಗಿಲ ಎದುರಿಗೇ ತೆರೆದ ಚರಂಡಿ, ಅದರಲ್ಲಿ ಇಲಿ ಈಜುತ್ತಿತ್ತು, ನಿಜವಾಗಿ ಈಜುತ್ತಿತ್ತು. ಮೂಲೆಯಲ್ಲಿ ಹಿಂದಿನವನು ಉಗುಳಿದ ಕಲೆಗಳು, ತಗಡಿನ ಮಾಡು. ಉಗ್ರಾಣದವನು "ಬಿಸಿಲಲ್ಲಿ ಸ್ವಲ್ಪ ಕಾಯುತ್ತೆ ಅಷ್ಟೇ" ಎಂದು ಹಲ್ಲು ಬಿಟ್ಟ. ಚೀಲದಿಂದ ಟೇಪು ತೆಗೆದು ಅಳೆದೆ. ನೆಲದಿಂದ ಮಾಡಿಗೆ ಏಳಡಿಯೂ ಇಲ್ಲ. ಇಟ್ಟಿಗೆ ಪೊಳ್ಳು, ಪ್ಲಗ್ಗು ನಿಲ್ಲುವುದಿಲ್ಲ.

ಮನೆಗೆ ಬಂದು ಮೊದಲು ಸ್ನಾನ ಮಾಡಿದೆ. ಆಮೇಲೆ ಅಣ್ಣನಿಗೆ ಹೇಳಿದೆ.

"ಆ ಕೋಣೆ ಆಗಲ್ಲ."

"ನೋಡಿ ಬಂದ್ಯಾ? ಯಾಕೆ ಆಗಲ್ಲ?"

"ಎತ್ತರ ಸಾಲದು. ಮೂರನೇ ಹಲಗೆಗೇ ಮೇಸ್ತ್ರಿ ತಲೆ ಮಾಡಿಗೆ ತಗಲುತ್ತೆ. ಇಳಿಯೋ ದಾರಿಗೆ ಜಾಗಾನೇ ಇಲ್ಲ. ಗೋಡೆ ಪೊಳ್ಳು."

ಅಣ್ಣ ನನ್ನನ್ನೇ ನೋಡಿದ. "ಕೆಲಸ?"

"ಕೆಲಸಕ್ಕೆ ಹೋಗು, ಯಾರು ಬೇಡ ಅಂದ್ರು? ಇಲ್ಲಿಂದ ಒಂದೇ ಬಸ್ಸು. ಅರ್ಧ ಗಂಟೆ."

"ಹಾಗಾದ್ರೆ ನಾನು..."

"ನನಗೇನು ಗೊತ್ತು? ಮೊದಲು ಎದ್ದು ಆ ಮರಳಿನ ತಟ್ಟೆ ಬದಲಾಯಿಸು. ಬೆಳಿಗ್ಗೆಯಿಂದ ಗಬ್ಬು ನಾರ್ತಿದೆ. ಎಲ್ಲಾ ನಾನೇ ಮಾಡ್ಬೇಕಾ?"

ಅಣ್ಣ ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಕಿಟಕಿಯ ಕಡೆಯ ಕೆಳಗಿನ ಹಲಗೆ ಹಿಡಿದು ಎದ್ದ. ಬಗ್ಗಿ ತಟ್ಟೆ ಎಳೆದುಕೊಂಡು ಬಚ್ಚಲಿಗೆ ಹೋದ. ಬಾಗಿಲಲ್ಲಿ ನಿಲ್ಲಲಿಲ್ಲ, ಒಳಗೆ ಹೋಗಿ ಬರಿಗೈಯಲ್ಲೇ ತೊಳೆದ. ಸುಮಾರು ಹೊತ್ತಿನವರೆಗೆ ನೀರಿನ ಸದ್ದು ಕೇಳುತ್ತಿತ್ತು. ಮೇಲಿನ ಹಲಗೆಯಿಂದ ಎರಡೂ ಬೆಕ್ಕುಗಳು ಬಗ್ಗಿ ನೋಡುತ್ತಿದ್ದವು.

ಹೊಸ ಮರಳು ಸುರಿಯುವಾಗ ಅರ್ಧ ಹೊರಗೆ ಚೆಲ್ಲಿದ. ಕೋಣೆಯೆಲ್ಲ ಕಾಲಿಗೆ ಕಿರಕಿರ. ಇಂಥ ಗಲೀಜು ಮನುಷ್ಯನ ಜೊತೆ ಇನ್ನೆಷ್ಟು ವರ್ಷ ಇರಬೇಕೋ.